ಗಡ್ಡದ ಪಟ್ಟೆ ಹೇಂಟೆ ಯಾವ ಬಣ್ಣದ ಮೊಟ್ಟೆ ಇಟ್ಟಳು: ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವ ಮನೆಯವರು ಯಾರು ಅಂತ ಹೇಳುವುದಿಲ್ಲ. ಕೋಳಿಯ ಹೆಸರನ್ನೂ ಬದಲಿಸಿ ಚುಕ್ಕಿ ಅಂತ ಇಟ್ಟಿದ್ದೇನೆ. ಆ ಮನೆಯಲ್ಲಿ ಅವಳನ್ನು ಯಾರೂ ‘ಅದು’ ಅನ್ನುವುದಿಲ್ಲ, ಹಾಗಾಗಿ ನಾನೂ ಅನ್ನುವುದಿಲ್ಲ.

ಚುಕ್ಕಿಗೆ ಆಗ 16 ವಾರ. ಸಾಕುತ್ತಿದ್ದಾಕೆ ನನಗೆ ನಾಲ್ಕು ಫೋಟೊ ಕಳಿಸಿ ಕೇಳಿದ್ದು ಇಷ್ಟೇ: “ಅಕ್ಕಾ, ಇವಳು ಯಾವ ಜಾತಿ? ನೀಲಿ ಮೊಟ್ಟೆ ಇಡ್ತಾಳಾ?”

ಸುಮ್ನೆ ಕುತೂಹಲಕ್ಕೆ ಕೇಳಿದ್ದಲ್ಲ. ಅವರ ಪರಿಚಯದವರೊಬ್ಬರು ನೀಲಿ ಮೊಟ್ಟೆಯ ಕೋಳಿಗಳನ್ನೇ ಆರಿಸಿ ಆರಿಸಿ ಸಾಕುವವರು. ಚುಕ್ಕಿಯ ಗಡ್ಡ ನೋಡಿ ಮನಸೋತಿದ್ದರು. ಇವಳನ್ನು ಕೊಟ್ಟರೆ ಬದಲಿಗೆ ಈಗಾಗಲೇ ಮೊಟ್ಟೆ ಇಡುತ್ತಿರುವ ಒಂದು ಹೇಂಟೆ ಕೊಡುತ್ತೇನೆ ಅಂದಿದ್ದರು. ಒಳ್ಳೆಯ ಬದಲಾವಣೆಯೇ. ಆದರೆ ಚುಕ್ಕಿ ನಿಜವಾಗಿಯೂ ನೀಲಿ ಮೊಟ್ಟೆಯವಳಾದರೆ ಕೊಡಲು ಮನೆಯ ಮಕ್ಕಳು ಒಪ್ಪುವುದಿಲ್ಲ. ಅಲ್ಲ ಅಂದಮೇಲೆ ಕೊಟ್ಟರೆ ಪರಿಚಯದವರಿಗೆ ಮೋಸ. ಮೊದಲ ಮೊಟ್ಟೆ ಬರಲು ಇನ್ನೂ ಎರಡು ಮೂರು ತಿಂಗಳು ಬೇಕು. ತೀರ್ಮಾನ ಮಾತ್ರ ಈಗಲೇ ಬೇಕು.

ನನಗಿಂತ ಮೊದಲು ಮೂರು ಜನ ಅಭಿಪ್ರಾಯ ಕೊಟ್ಟಾಗಿತ್ತು. ಮೂವರದ್ದೂ ಮೂರು ದಾರಿ. ಗಡ್ಡ ಇದೆ, ಅಮೆರಿಕಾನಾ ತಳಿಯ ರಕ್ತ, ನೀಲಿಯೇ ಅಂದರು ಒಬ್ಬರು. ಮೈಮೇಲೆ ಪಟ್ಟೆ ಇದೆ, ಪ್ಲೈಮೌತ್ ರಾಕ್ ತಳಿ, ಕಂದು ಅಂದರು ಇನ್ನೊಬ್ಬರು. ಮೂರನೆಯವರು ಕಿವಿಹಾಲೆ ಮಾತ್ರ ನೋಡಿದ್ದರು. ಅದು ಬಿಳಿಚಿಕೊಂಡಿತ್ತು, ಹಾಗಾಗಿ ಬಿಳಿ ಮೊಟ್ಟೆ ಅಂದರು.

ಕಿವಿಹಾಲೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಬಿಳಿ ಹಾಲೆಗೆ ಬಿಳಿ ಮೊಟ್ಟೆ, ಕೆಂಪು ಹಾಲೆಗೆ ಕಂದು ಮೊಟ್ಟೆ ಅನ್ನುವುದು ತುಂಬ ತಳಿಗಳಲ್ಲಿ ಸರಿಹೋಗುತ್ತದೆ. ಲೆಗ್‌ಹಾರ್ನ್ ಹಾಲೆ ಬಿಳಿ, ಮೊಟ್ಟೆಯೂ ಬಿಳಿ. ಆದರೆ ಡಾರ್ಕಿಂಗ್ ಹಾಲೆ ಕೆಂಪು, ಮೊಟ್ಟೆ ಬಿಳಿ. ಸ್ಪೇನಿನ ಪೆನೆಡೆಸೆಂಕಾ ಬಿಳಿ ಹಾಲೆ ಇಟ್ಟುಕೊಂಡು ಗಾಢ ಕಂದು ಮೊಟ್ಟೆ ಇಡುತ್ತದೆ. ಅರೌಕಾನಾ ಕೆಂಪು ಹಾಲೆಯದು, ಮೊಟ್ಟೆ ನೀಲಿ. ಹಾಲೆಯ ಬಣ್ಣಕ್ಕೂ ಚಿಪ್ಪಿನ ಬಣ್ಣಕ್ಕೂ ಒಂದೇ ಜೀನ್ ಅಲ್ಲ. ತಳಿ ಕಟ್ಟಿದವರು ಎರಡನ್ನೂ ಜೊತೆಜೊತೆಗೆ ಉಳಿಸಿಕೊಂಡು ಬಂದರು, ಅಷ್ಟೇ. ತಳಿ ಬೆರೆತ ಮೇಲೆ ಆ ಜೊತೆ ತಪ್ಪುತ್ತದೆ. ಅದೂ ಅಲ್ಲದೆ 16 ವಾರದ ಎಳೇ ಹೇಂಟೆಯ ಹಾಲೆ ಇನ್ನೂ ರಕ್ತ ತುಂಬದೆ ಬಿಳಿಚಿಕೊಂಡೇ ಇರುತ್ತದೆ. ಮುಂದೆ ಕೆಂಪಾಗಬಹುದು. ಚುಕ್ಕಿಯದು ಆಮೇಲೆ ಕೆಂಪೇ ಆಯಿತು.

ನನ್ನ ಮೊದಲ ತಪ್ಪು

ಫೋಟೊ ನೋಡಿದ ಹತ್ತು ನಿಮಿಷಕ್ಕೇ ನಾನು ಉತ್ತರ ಬರೆದುಬಿಟ್ಟೆ. ತಾಯಿ ಪಟ್ಟೆಯ ರಾಕ್, ತಂದೆ ಗಡ್ಡದ ಮಿಶ್ರತಳಿ ಹುಂಜ, ನೀಲಿ ಜೀನ್ ಬರುವ ಸಾಧ್ಯತೆ ಅರ್ಧಕ್ಕರ್ಧ ಅಂದೆ. ಕಾರಣವೂ ಇತ್ತು. ಚುಕ್ಕಿ ಹುಟ್ಟಿದ ಹಿತ್ತಿಲಲ್ಲಿ ಮೂರು ಹುಂಜ ಒಟ್ಟಿಗೆ ತಿರುಗುತ್ತಿದ್ದವು. ಒಂದು ಬಿಳಿ ಲೆಗ್‌ಹಾರ್ನ್, ಒಂದು ಪಟ್ಟೆಯ ರಾಕ್, ಒಂದು ಕೆಂಪು ಕಪ್ಪು ಬಣ್ಣದ ಗಡ್ಡದ ಹುಂಜ. ಹೇಂಟೆಗಳು ಹತ್ತರಷ್ಟು, ಅವುಗಳಲ್ಲೂ ಪಟ್ಟೆಯ ರಾಕ್‌ಗಳಿದ್ದವು. ಗಡ್ಡದ ಹುಂಜ ಕಣ್ಣೆದುರೇ ಇದ್ದಾನಲ್ಲ, ಗಡ್ಡ ಅವನದೇ ಇರಬೇಕು ಅಂದುಕೊಂಡೆ.

ರಾತ್ರಿ ಮಲಗುವಾಗ ತಪ್ಪು ಹೊಳೆಯಿತು. ಇದು ಈ ಪ್ರಕರಣದ ಮೊದಲ ತಿರುವು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹುಂಜಕ್ಕೆ ಎರಡು ಝಡ್ ಕ್ರೋಮೋಸೋಮ್. ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯೂ. ಹೆಣ್ಣು ಮರಿಗೆ ತಾಯಿ ಕೊಡುವುದು ಡಬ್ಲ್ಯೂ. ಅವಳ ಒಂದೇ ಒಂದು ಝಡ್ ಬರುವುದು ತಂದೆಯಿಂದ. ರಾಕ್ ಕೋಳಿಯ ಪಟ್ಟೆಯ ಜೀನ್ ಕೂತಿರುವುದು ಆ ಝಡ್ ಮೇಲೆ. ಅಂದರೆ ಪಟ್ಟೆ ಇರುವ ಹೇಂಟೆ ಆ ಪಟ್ಟೆಯನ್ನು ತಾಯಿಯಿಂದ ಪಡೆಯಲು ಸಾಧ್ಯವೇ ಇಲ್ಲ. ಪಟ್ಟೆಯ ತಾಯಿ ತನ್ನ ಪಟ್ಟೆಯನ್ನು ಗಂಡು ಮಕ್ಕಳಿಗೆ ಮಾತ್ರ ಕೊಡುತ್ತಾಳೆ. ಪಟ್ಟೆಯ ಹೇಂಟೆಗೆ ಪಟ್ಟೆ ಇಲ್ಲದ ಹುಂಜ ಹಾಕಿ, ಹುಟ್ಟಿದ ದಿನವೇ ಗಂಡು ಹೆಣ್ಣು ಬೇರೆ ಮಾಡುವುದು ಇದೇ ಲೆಕ್ಕದ ಮೇಲೆ. ಗೊತ್ತಿದ್ದೂ ಮರೆತಿದ್ದೆ.

ಹಾಗಾದರೆ ಗಡ್ಡದ ಹುಂಜ ತಂದೆಯಲ್ಲ. ಅವನ ಮೈಮೇಲೆ ಪಟ್ಟೆ ಇರಲಿಲ್ಲ. ಬಿಳಿ ಲೆಗ್‌ಹಾರ್ನ್ ವಿಷಯ ಸ್ವಲ್ಪ ಸೂಕ್ಷ್ಮ. ಅದರ ಬಿಳಿ ಗರಿಯ ಕೆಳಗೆ ಪಟ್ಟೆಯ ಜೀನ್ ಅಡಗಿರುವುದುಂಟು. ಆದರೆ ಅದರ ಬಿಳುಪು ಬೇರೆ ಬಣ್ಣಗಳನ್ನು ಮುಚ್ಚುವಂಥದ್ದು. ಚುಕ್ಕಿ ಅದರ ಮಗಳಾಗಿದ್ದರೆ ಮೈಯೆಲ್ಲ ಬಿಳಿಯಾಗಿ ಅಲ್ಲಲ್ಲಿ ಕಪ್ಪು ಸಿಡಿದ ಹಾಗೆ ಇರುತ್ತಿತ್ತು. ಉಳಿದವನು ರಾಕ್ ಹುಂಜ ಒಬ್ಬನೇ.

ಆದರೆ ಅದು ನಿಜವಾಗಿಯೂ ರಾಕ್ ಜಾತಿಯ ಪಟ್ಟೆಯೇ? ಪಟ್ಟೆಯ ಹಾಗೆ ಕಾಣುವ ಬೇರೆ ವಿನ್ಯಾಸಗಳೂ ಇವೆ. ಫಯೋಮಿ, ಕ್ಯಾಂಪೈನ್ ಕೋಳಿಗಳ ಅಡ್ಡಗೆರೆಗೆ ಈ ಝಡ್ ಲೆಕ್ಕ ನಡೆಯುವುದಿಲ್ಲ. ಉದುರಿದ ಒಂದು ಗರಿ ಹುಡುಕಿ ಬಿಳಿ ಕಾಗದದ ಮೇಲಿಟ್ಟು ಹತ್ತಿರದಿಂದ ಫೋಟೊ ತೆಗೆಯಿರಿ ಅಂತ ಕೇಳಿದೆ. ಬೆನ್ನಿನ ಗರಿ ಬಂತು. ಕಪ್ಪು, ಬಿಳಿ, ಕಪ್ಪು, ಬಿಳಿ. ತುದಿಯಲ್ಲಿ ಮಾತ್ರ ಅಲ್ಲ, ಬುಡದ ಮೆತ್ತನೆಯ ತುಪ್ಪಳದವರೆಗೂ ಮಸುಕಾಗಿ ಅದೇ ಗೆರೆ. ಬಿಳಿ ಜಾಗದಲ್ಲಿ ಬಣ್ಣವೇ ಇಲ್ಲ, ಹೊನ್ನಿನ ಛಾಯೆಯೂ ಇಲ್ಲ. ಜೊತೆಗೆ ಮರಿಯಾಗಿದ್ದಾಗಿನ ಒಂದು ಮಸುಕು ಫೋಟೊ ಸಿಕ್ಕಿತು. ಕಪ್ಪು ಮರಿ, ನೆತ್ತಿಯ ಮೇಲೆ ಸಣ್ಣ ಬಿಳಿ ಬೊಟ್ಟು. ಅನುಮಾನ ಉಳಿಯಲಿಲ್ಲ.

ತಂದೆ ರಾಕ್. ರಾಕ್ ಕಂದು ಮೊಟ್ಟೆಯ ತಳಿ, ಒಂಟಿ ಜುಟ್ಟು, ಗಡ್ಡ ಇಲ್ಲ. ಅಂದಮೇಲೆ ಗಡ್ಡ ತಾಯಿಯಿಂದಲೇ ಬಂದದ್ದು. ಹಾಗೇ ನೀಲಿ ಅನ್ನುವುದೇನಾದರೂ ಇದ್ದರೆ ಅದೂ ತಾಯಿಯಿಂದಲೇ. ಪ್ರಶ್ನೆ ಈಗ ಮಗಳದ್ದಲ್ಲ, ತಾಯಿಯದ್ದು.

ತಾಯಿ ಯಾರು?

ಇದಕ್ಕೆ ಮನೆಯವರ ಬಳಿ ಸಿದ್ಧ ಉತ್ತರ ಇತ್ತು. ಮರಿಗಳನ್ನು ಕರೆದುಕೊಂಡು ತಿರುಗುತ್ತಿದ್ದ ಗಡ್ಡದ ಹೇಂಟೆಯನ್ನು ಅವರೇ ಕಣ್ಣಾರೆ ನೋಡಿದ್ದರು. “ಅವಳ ಮೊಟ್ಟೆ ತಿಳಿಕಂದು ಅಂತ ಅವರೇ ಹೇಳಿದ್ರು ಅಕ್ಕಾ. ಹಂಗಾದ್ರೆ ಇವಳದ್ದೂ ಕಂದೇ ಅಲ್ವಾ?”

ತಂದೆಯೂ ಕಂದು, ತಾಯಿಯೂ ಕಂದು ಅಂದರೆ ಮಗಳಿಗೆ ನೀಲಿ ಬರುವ ದಾರಿಯೇ ಇಲ್ಲ. ನೀಲಿ ಜೀನ್ ಮೇಲುಗೈ ಜೀನ್. ಹೇಂಟೆಯಲ್ಲಿ ಒಂದು ಪ್ರತಿ ಇದ್ದರೂ ಚಿಪ್ಪಿನಲ್ಲಿ ಕಂಡೇ ಕಾಣುತ್ತದೆ, ಅಡಗಿ ಕೂರುವುದಿಲ್ಲ. 1933ರಲ್ಲೇ ತಳಿವಿಜ್ಞಾನಿ ಪುನೆಟ್ ಇದನ್ನು ತೋರಿಸಿದ್ದರು. ಗಡ್ಡ ಇದ್ದೂ ಕಂದು ಮೊಟ್ಟೆ ಇಡುವ ಮಿಶ್ರತಳಿ ಹೇಂಟೆಗಳು ಬೇಕಾದಷ್ಟಿವೆ. ಗಡ್ಡದ ಜೀನ್ ಇರುವ ಕ್ರೋಮೋಸೋಮೇ ಬೇರೆ, ನೀಲಿಯ ಜೀನ್ ಇರುವುದೇ ಬೇರೆ ಕಡೆ. ಗಡ್ಡ ನೋಡಿ ನೀಲಿ ಅನ್ನುವುದು ಮೀಸೆ ನೋಡಿ ಸಂಬಳ ಹೇಳಿದ ಹಾಗೆ.

ಇಲ್ಲಿಗೇ ಮುಗಿಸಿ, ಕಂದು ಅಂತ ಬರೆದು ಕೊಡುವವಳಿದ್ದೆ. ಆದರೆ ‘ಮರಿಗಳನ್ನು ಕರೆದುಕೊಂಡು ತಿರುಗುತ್ತಿದ್ದ’ ಅನ್ನುವ ಮಾತು ಕೊರೆಯುತ್ತಿತ್ತು. ಮರಿ ಮಾಡಿದವಳೇ ಮೊಟ್ಟೆ ಇಟ್ಟವಳು ಅಂತೇನೂ ಇಲ್ಲವಲ್ಲ. ಆ ಹಿತ್ತಿಲಿನವರನ್ನು ಒಮ್ಮೆ ಕೇಳಿಸಿದೆ. ಅವಳು ಕಾವಿಗೆ ಕೂತದ್ದು ಯಾವಾಗ? ಮೊಟ್ಟೆ ಇಟ್ಟದ್ದು ಯಾವಾಗ?

ಬಂದ ಉತ್ತರಕ್ಕೆ ಇಡೀ ಲೆಕ್ಕ ತಲೆಕೆಳಗಾಯಿತು. ಅವಳು ಖಾಲಿ ಗೂಡಿನಲ್ಲೇ ಹತ್ತು ಹದಿನೈದು ದಿನದಿಂದ ಕಾವು ಕೂತಿದ್ದಳು. ಎಬ್ಬಿಸಿದರೂ ಏಳುತ್ತಿರಲಿಲ್ಲ. ಹಾಳಾಗಿಹೋಗಲಿ ಅಂತ ಆ ವಾರ ಬೇರೆ ಹೇಂಟೆಗಳು ಇಟ್ಟಿದ್ದ ಎಂಟು ಮೊಟ್ಟೆ ಆರಿಸಿ ಕೆಳಗಿಟ್ಟರು. ಕಾವು ಕೂತ ಹೇಂಟೆ ಮೊಟ್ಟೆ ನಿಲ್ಲಿಸಿರುತ್ತದೆ. ಅಂದರೆ ಆ ಎಂಟರಲ್ಲಿ ಅವಳದ್ದು ಒಂದೂ ಇರಲಿಲ್ಲ. ಅವಳು ಚುಕ್ಕಿಗೆ ಸಾಕುತಾಯಿ ಮಾತ್ರ.

ಆ ಹಿತ್ತಿಲಲ್ಲಿ ಗಡ್ಡದ ಹೇಂಟೆಗಳು ಇದ್ದದ್ದು ಎರಡೇ. ಒಬ್ಬಳು ಇವಳು. ಇನ್ನೊಬ್ಬಳು ಹಸಿರು ಮೊಟ್ಟೆಯವಳು, ಅಂದರೆ ನೀಲಿ ಜೀನ್ ಇರುವವಳು. ನೀಲಿ ಚಿಪ್ಪಿನ ಮೇಲೆ ಕಂದು ಬಿದ್ದರೆ ಕಾಣುವುದೇ ಹಸಿರು. ಗಡ್ಡವೂ ಮೇಲುಗೈ ಜೀನೇ, ಇರುವ ಒಬ್ಬರಿಂದಲೇ ಬರಬೇಕು. ಹಾಗಾಗಿ ಚುಕ್ಕಿಯ ತಾಯಿ ಹಸಿರು ಮೊಟ್ಟೆಯವಳೇ. ಕೆಳಗಿಟ್ಟ ಮೊಟ್ಟೆಗಳ ಫೋಟೊ ಯಾರದೋ ಮೊಬೈಲಿನಲ್ಲಿತ್ತು. ಐದು ಕಂದು, ಒಂದು ಬಿಳಿ, ಎರಡು ತಿಳಿಹಸಿರು.

ಹಾಗಾದರೆ ಹಸಿರು ಮೊಟ್ಟೆಯಿಂದ ಬಂದ ಹೇಂಟೆ ಹಸಿರು ಮೊಟ್ಟೆಯನ್ನೇ ಇಡಬೇಕಲ್ಲ ಅನ್ನಬಹುದು. ಇಲ್ಲ. ಚಿಪ್ಪು ತಾಯಿ ಕಟ್ಟಿದ ಗೋಡೆ, ಒಳಗಿನ ಮರಿಯ ಬಣ್ಣ ಅದರಲ್ಲಿ ಬರೆದಿರುವುದಿಲ್ಲ. ತಾಯಿಯಲ್ಲಿ ನೀಲಿ ಜೀನ್ ಒಂದೇ ಪ್ರತಿ ಇದ್ದರೆ ಮಗಳಿಗೆ ಬರುವುದು ಅರ್ಧಕ್ಕರ್ಧ ಸಾಧ್ಯತೆ. ನಾನು ಮೊದಲು ಹೇಳಿದ ಸಂಖ್ಯೆಗೇ ಸುತ್ತಿ ಬಂದಿದ್ದೆ. ತಪ್ಪು ದಾರಿಯಲ್ಲಿ ಹೋಗಿ ಸರಿ ಮನೆಯ ಬಾಗಿಲು ತಟ್ಟಿದ್ದೆ ಅನ್ನಿ.

ಜುಟ್ಟು

ಅರ್ಧಕ್ಕರ್ಧವನ್ನು ಮುಂದೆ ತಳ್ಳಲು ಒಂದೇ ಗುರುತು ಉಳಿದಿತ್ತು. ಜುಟ್ಟು. ಗರಗಸದ ಹಾಗೆ ಒಂದೇ ಸಾಲು ಇರುವುದು ಒಂಟಿ ಜುಟ್ಟು. ತಲೆಗೆ ಅಂಟಿಕೊಂಡ ಹಾಗೆ ಮೂರು ಸಾಲು ಗುಳ್ಳೆ ಇರುವುದನ್ನು ಪೀ ಕೋಂಬ್ ಅನ್ನುತ್ತಾರೆ, ನಾನು ಬಟಾಣಿ ಜುಟ್ಟು ಅನ್ನುತ್ತೇನೆ. ಇದರ ಜೀನೂ ನೀಲಿ ಚಿಪ್ಪಿನ ಜೀನೂ ಒಂದೇ ಕ್ರೋಮೋಸೋಮಿನ ಮೇಲೆ, ಒಂದಕ್ಕೊಂದು ಹತ್ತಿರ ಕೂತಿವೆ. ಎಷ್ಟು ಹತ್ತಿರ ಅಂದರೆ ನೂರು ಮರಿಗಳಲ್ಲಿ ಮೂರರಿಂದ ಐದರಲ್ಲಿ ಮಾತ್ರ ಅವು ಬೇರೆಯಾಗುತ್ತವೆ. ಅರೌಕಾನಾ, ಅಮೆರಿಕಾನಾ ವಂಶದಲ್ಲಿ ಇವೆರಡೂ ಜೋಡಿಯಾಗಿಯೇ ಓಡಾಡುತ್ತವೆ.

ಆದರೆ ಬಟಾಣಿ ಜುಟ್ಟು ಇದ್ದರೆ ನೀಲಿ ಅನ್ನುವುದೂ ಕುರುಡು ನಂಬಿಕೆ. ಬ್ರಹ್ಮಾಗೆ ಬಟಾಣಿ ಜುಟ್ಟಿದೆ, ಕಾರ್ನಿಶ್‌ಗಿದೆ. ಎರಡೂ ಕಂದು ಮೊಟ್ಟೆಯವು. ಉಲ್ಟಾ ಉದಾಹರಣೆ ಕ್ರೀಮ್ ಲೆಗ್‌ಬಾರ್, ಒಂಟಿ ಜುಟ್ಟು ಇಟ್ಟುಕೊಂಡು ನೀಲಿ ಮೊಟ್ಟೆ ಇಡುತ್ತದೆ. ಎಂದೋ ಒಮ್ಮೆ ಜೋಡಿ ಮುರಿದದ್ದನ್ನು ಹಿಡಿದಿಟ್ಟುಕೊಂಡ ತಳಿ ಅದು. ಹಾಗಾಗಿ ಕೇಳಬೇಕಾದ್ದು, ಈ ಮನೆತನದಲ್ಲಿ ಜುಟ್ಟೂ ನೀಲಿಯೂ ಜೋಡಿಯಾಗಿ ಬರುತ್ತಿವೆಯೇ ಅಂತ.

ಹಿತ್ತಿಲಿನವರಿಗೆ ಮತ್ತೆ ತೊಂದರೆ ಕೊಟ್ಟೆ. ಪುಣ್ಯಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ. ಹಸಿರು ಮೊಟ್ಟೆಯ ಹೇಂಟೆಗೆ ಹಿಂದಿನ ವರ್ಷದ ಇಬ್ಬರು ಹೆಣ್ಣು ಮಕ್ಕಳಿದ್ದರು. ಒಬ್ಬಳಿಗೆ ಒಂಟಿ ಜುಟ್ಟು, ಕಂದು ಮೊಟ್ಟೆ. ಇನ್ನೊಬ್ಬಳಿಗೆ ತಾಯಿಯ ಹಾಗೆ ಬಟಾಣಿ ಜುಟ್ಟು, ಹಸಿರು ಮೊಟ್ಟೆ. ಎರಡೇ ಸಾಕ್ಷಿ, ಆದರೆ ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ತಾಯಿಯಲ್ಲಿ ನೀಲಿ ಒಂದೇ ಪ್ರತಿ ಇದೆ, ಅದು ಬಟಾಣಿ ಜುಟ್ಟಿನ ಜೊತೆಗೇ ಇದೆ.

ಚುಕ್ಕಿಯ ಜುಟ್ಟನ್ನು ಮೇಲಿನಿಂದ, ಎದುರಿನಿಂದ ಮತ್ತೆ ಫೋಟೊ ತೆಗೆಸಿದೆ. ಮೊದಲಿನ ಫೋಟೊಗಳೆಲ್ಲ ಪಕ್ಕದಿಂದ ತೆಗೆದವು, ಅವುಗಳಲ್ಲಿ ಅದು ಕುಳ್ಳಗಿನ ಒಂಟಿ ಜುಟ್ಟಿನ ಹಾಗೆ ಕಂಡಿತ್ತು. ಮೇಲಿನಿಂದ ನೋಡಿದರೆ ಸ್ಪಷ್ಟವಾಗಿ ಮೂರು ಸಾಲು. ನಡುವಿನದು ಸ್ವಲ್ಪ ಎತ್ತರ, ತುದಿಯಲ್ಲಿ ಒಂಚೂರು ವಾಲಿತ್ತು. ಒಂದೇ ಪ್ರತಿಯ ಬಟಾಣಿ ಜುಟ್ಟು ಹೀಗೇ ಇರುತ್ತದೆ.

ಒಂದು ಚೀಟಿಯಲ್ಲಿ ಬರೆದು ಕಳಿಸಿದೆ: ತಂದೆ ಪಟ್ಟೆಯ ಪ್ಲೈಮೌತ್ ರಾಕ್. ತಾಯಿ ಗಡ್ಡದ ಮಿಶ್ರತಳಿ. ನೀಲಿ ಜೀನ್ ಇರುವ ಸಾಧ್ಯತೆ ನೂರಕ್ಕೆ 85. ಜೋಡಿ ಮುರಿಯದೇ ಇರುವ ಲೆಕ್ಕ ಮಾತ್ರ ಹಿಡಿದರೆ 95 ಅನ್ನಬಹುದಿತ್ತು. ಬೇರೆಯವರ ನೆನಪಿನ ಮೇಲೆ ನಿಂತ ಲೆಕ್ಕ ಅಂತ ಹತ್ತು ಕಡಿಮೆ ಮಾಡಿದೆ. ಆ ಹತ್ತು ನನ್ನ ಅಂದಾಜು.

ಈ ಚೀಟಿಯಲ್ಲೇ ನನ್ನ ಎರಡನೇ ತಪ್ಪು ಇತ್ತು. ಅದು ಗೊತ್ತಾದದ್ದು ಆಮೇಲೆ.

ಕಾಯುವ ದಿನಗಳು

ಬದಲಾವಣೆ ಮಾತನ್ನು ಮೊದಲ ಮೊಟ್ಟೆಯವರೆಗೆ ಮುಂದೂಡಿದರು. 23ನೇ ವಾರ ಗೂಡಿನಲ್ಲಿ ಒಂದು ಪುಟ್ಟ ಕಂದು ಮೊಟ್ಟೆ ಸಿಕ್ಕಿತು. ಹೊಸ ಹೇಂಟೆಯ ಮೊಟ್ಟೆ ಅಂತ ಗಾತ್ರವೇ ಹೇಳುತ್ತಿತ್ತು. ಮಕ್ಕಳ ಮುಖ ಸಪ್ಪಗಾಯಿತು. ಆಕೆ ಪರಿಚಯದವರಿಗೆ ಕಂದು ಅಂತ ತಿಳಿಸಲು ಫೋನ್ ಕೈಗೆತ್ತಿಕೊಂಡಿದ್ದರಂತೆ, ಅಷ್ಟರಲ್ಲಿ ನನಗೆ ಹೇಳಿದರು.

ಮನೆಯಲ್ಲಿ ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನೊಂದು ಎಳೇ ಹೇಂಟೆಯೂ ಇತ್ತು. ನಾನು ಕೇಳಿದ್ದು ಎರಡೇ ಪ್ರಶ್ನೆ. ಚುಕ್ಕಿಯ ಜುಟ್ಟು ಕೆಂಪಾಗಿದೆಯಾ? ಬಾಲದ ಕೆಳಗೆ ಎರಡು ಮೂಳೆಯ ತುದಿ ಸಿಗುತ್ತವೆ, ನಡುವೆ ಎಷ್ಟು ಬೆರಳು ಹೋಗುತ್ತದೆ? ಜುಟ್ಟು ಇನ್ನೂ ತಿಳಿಗುಲಾಬಿ. ಮೂಳೆಗಳ ನಡುವೆ ಒಂದು ಬೆರಳೂ ಸರಿಯಾಗಿ ಹೋಗಲಿಲ್ಲ. ಮೊಟ್ಟೆ ಶುರುಮಾಡಿದ ಹೇಂಟೆಗೆ ಎರಡು ಮೂರು ಬೆರಳು ಹಿಡಿಯುವಷ್ಟು ಜಾಗ ಆಗಿರುತ್ತದೆ, ಜುಟ್ಟು ಕೆಂಪಗೆ ಉಬ್ಬಿರುತ್ತದೆ. ಇನ್ನೊಂದನ್ನು ಹಿಡಿದು ನೋಡಿದರೆ ಸರಾಗವಾಗಿ ಎರಡು ಬೆರಳು. ಆ ಕಂದು ಮೊಟ್ಟೆ ಅವಳದ್ದು.

26ನೇ ವಾರಕ್ಕೆ ಚುಕ್ಕಿಯ ಜುಟ್ಟು ರಂಗೇರಿತು. ಹತ್ತಿರ ಹೋಗಿ ಬೆನ್ನು ಮುಟ್ಟಿದರೆ ರೆಕ್ಕೆ ಸ್ವಲ್ಪ ಅಗಲಿಸಿ ನೆಲಕ್ಕೆ ಕುಕ್ಕರಿಸುತ್ತಿದ್ದಳು. ಆಗ ಅವಳ ಹಿಂಭಾಗಕ್ಕೆ ಸ್ವಲ್ಪ ಕೆಂಪು ಫುಡ್ ಕಲರ್ ಹಚ್ಚಿಸಿದೆ. ಮೊಟ್ಟೆ ಹೊರಬರುವಾಗ ಗೆರೆ ಬೀಳುತ್ತದೆ, ಯಾರದ್ದು ಅನ್ನುವ ಜಗಳ ಇರುವುದಿಲ್ಲ. ಮೂರನೇ ದಿನ ಕೆಂಪು ಗೆರೆಯ ಮೊಟ್ಟೆ ಬಂತು.

ಆದರೆ ಅದರ ಬಣ್ಣ ಏನು ಅನ್ನುವುದೇ ಜಗಳವಾಯಿತು. ಮಕ್ಕಳಿಗೆ ಹಸಿರು. ಆಕೆಗೆ ಕಂದು. ನನಗೆ ಫೋಟೊದಲ್ಲಿ ಖಾಕಿ. ಬೆಳಕಿಗೆ ಹಿಡಿದರೆ ಒಂದು, ನೆರಳಿನಲ್ಲಿ ಇನ್ನೊಂದು.

ಒಡೆಯಿರಿ, ಒಳಗೆ ನೋಡಿ ಅಂದೆ.

ಚಿಪ್ಪು ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ. ನೀಲಿ ಬಣ್ಣ ಚಿಪ್ಪು ಕಟ್ಟುತ್ತಿರುವಾಗಲೇ ಬೆರೆತು ಒಳಗಿನಿಂದ ಹೊರಗಿನವರೆಗೂ ಇರುತ್ತದೆ. ಕಂದು ಬಣ್ಣ ಕೊನೆಯ ಕೆಲವು ಗಂಟೆಗಳಲ್ಲಿ ಮೇಲಿನಿಂದ ಬಳಿದದ್ದು. ಅದಕ್ಕೇ ಕಂದು ಮೊಟ್ಟೆಯ ಚಿಪ್ಪು ಒಳಗೆ ಬೆಳ್ಳಗಿರುತ್ತದೆ. ಹಸಿರು ಅಂತ ಬೇರೆ ಬಣ್ಣವೇ ಕೋಳಿಯಲ್ಲಿಲ್ಲ, ನೀಲಿಯ ಮೇಲೆ ಕಂದು ಬಳಿದರೆ ಹಸಿರು. ಬಳಿದದ್ದು ಜಾಸ್ತಿಯಾದರೆ ಖಾಕಿ.

ಚಿಪ್ಪು ತೊಳೆದು ಒಳಗಿನ ತೆಳು ಪೊರೆಯನ್ನು ಉಗುರಿನಿಂದ ಎಬ್ಬಿಸಿ ನಿಧಾನ ಎಳೆದರು. ಒದ್ದೆ ಕಾಗದ ಬಿಟ್ಟುಕೊಂಡ ಹಾಗೆ ಬಂತು. ಪಕ್ಕದಲ್ಲಿ ಇನ್ನೊಂದು ಹೇಂಟೆಯ ಕಂದು ಚಿಪ್ಪನ್ನೂ ಹಾಗೇ ಬಿಡಿಸಿ ಇಟ್ಟರು. ಅದರ ಒಳಗೆ ಸುಣ್ಣದ ಬಿಳಿ. ಚುಕ್ಕಿಯದರ ಒಳಗೆ ಬೆಳಗಿನ ಆಕಾಶದಂಥ ತೆಳು ನೀಲಿ.

ನೀಲಿ ಜೀನ್ ಇತ್ತು, ನೀಲಿ ಮೊಟ್ಟೆ ಇರಲಿಲ್ಲ

ಲೆಕ್ಕ ಸರಿಯಾಯಿತು ಅಂತ ನಾನು ಬೀಗುತ್ತಿದ್ದೆ. ಆಕೆಯಿಂದ ಬಂದ ಮಾತು: “ಅಕ್ಕಾ, ನೀವು ನೂರಕ್ಕೆ 85 ನೀಲಿ ಅಂದಿದ್ರಿ. ನಾನೂ ಅವರಿಗೆ ಹಂಗೇ ಹೇಳಿದ್ದೆ.”

ನಾನು ಬರೆದದ್ದು ‘ನೀಲಿ ಜೀನ್’. ಅವರು ಓದಿದ್ದು ‘ನೀಲಿ ಮೊಟ್ಟೆ’. ತಪ್ಪು ಓದಿದವರದ್ದಲ್ಲ. ತಂದೆ ರಾಕ್ ಅಂತ ಗೊತ್ತಾದ ದಿನವೇ ಕಂದಿನ ಲೇಪ ಬರುತ್ತದೆ ಅಂತ ನನಗೆ ಗೊತ್ತಿತ್ತು. ಕಂದಿಗೆ ಒಂದೇ ಜೀನ್ ಅಲ್ಲ, ಹಲವು ಸೇರಿ ಕೆಲಸ ಮಾಡುತ್ತವೆ. ಹಾಗಾಗಿ ಎಷ್ಟು ಗಾಢ ಅಂತ ಹೇಳಲು ಆಗುವುದಿಲ್ಲ. ಆದರೆ ಶುದ್ಧ ನೀಲಿ ಬರುವುದಿಲ್ಲ, ಹಸಿರೋ ಖಾಕಿಯೋ ಬರುತ್ತದೆ ಅಂತ ಒಂದು ಸಾಲು ಬರೆಯಬಹುದಿತ್ತು. ಆ ಒಂದು ಸಾಲಿದ್ದರೆ ಪರಿಚಯದವರು ಹತ್ತು ವಾರ ಕಾಯುತ್ತಲೇ ಇರಲಿಲ್ಲ. ಯಾವ ಜೀನ್ ಇದೆ ಅನ್ನುವುದನ್ನು ಹುಡುಕುವ ಹುಮ್ಮಸ್ಸಿನಲ್ಲಿ, ಅವರಿಗೆ ಬೇಕಾಗಿದ್ದದ್ದು ಬುಟ್ಟಿಯಲ್ಲಿ ಕಾಣುವ ಬಣ್ಣ ಅನ್ನುವುದನ್ನೇ ಬಿಟ್ಟಿದ್ದೆ. ಈಗ ಯಾರಿಗೇ ಬರೆದರೂ ಮೊದಲು ಕಣ್ಣಿಗೆ ಕಾಣುವ ಬಣ್ಣ, ಆಮೇಲೆ ಜೀನ್.

ಪರಿಚಯದವರು ಚುಕ್ಕಿಯನ್ನು ಬೇಡ ಅಂದರು. ಮಕ್ಕಳಿಗೆ ಅದೇ ಬೇಕಾಗಿತ್ತು. ಖಾಕಿ ಬಣ್ಣ ಹಾಗೇ ನಿಂತಿತು. ನಾಲ್ಕೈದು ತಿಂಗಳು ಬಿಡದೆ ಇಟ್ಟ ಮೇಲೆ ಕಂದಿನ ಲೇಪ ತುಸು ತೆಳುವಾಗಿ ಹಸಿರು ಹೆಚ್ಚು ಕಂಡಿತು. ಇದು ಮಾಮೂಲು. ಮೇವು ಬದಲಿಸಿದ್ದರಿಂದ ಅಂತ ಆಕೆ ನಂಬಿದ್ದರು. ಮೇವು ಬದಲಿಸುವುದು ಹಳದಿಯ ಬಣ್ಣವನ್ನು, ಚಿಪ್ಪಿನದನ್ನಲ್ಲ.

ಕತೆ ಅಲ್ಲಿಗೇ ನಿಲ್ಲಲಿಲ್ಲ. ನಿಜವಾದ ನೀಲಿ ಬೇಕಾದರೆ ಏನು ಮಾಡಬೇಕು ಅಂತ ಕೇಳಿದರು. ಕಂದಿನ ಲೇಪವನ್ನು ತೆಳುಮಾಡಬೇಕು, ಅದಕ್ಕೆ ಬಿಳಿ ಮೊಟ್ಟೆಯ ತಳಿಯ ಹುಂಜ ಬೇಕು ಅಂದೆ. ಹಳೇ ಹಿತ್ತಿಲಿನ ಬಿಳಿ ಲೆಗ್‌ಹಾರ್ನ್ ಹುಂಜವನ್ನು ಮೂರು ವಾರಕ್ಕೆ ತಂದು ಚುಕ್ಕಿಯ ಜೊತೆ ಬಿಟ್ಟರು. ಅವನದು ಒಂಟಿ ಜುಟ್ಟು, ಹಾಗಾಗಿ ಬಟಾಣಿ ಜುಟ್ಟಿನ ಮರಿ ಹುಟ್ಟಿದರೆ ಅದು ಚುಕ್ಕಿಯ ಕಡೆಯದ್ದೇ, ನೀಲಿ ಜೀನೂ ಜೊತೆಗೆ ಬಂದಿರುವ ಸಾಧ್ಯತೆ ಜಾಸ್ತಿ. ಈ ಗುರುತಿಗೆ 16 ವಾರ ಕಾಯಬೇಕಾಗಿಲ್ಲ. ಹುಟ್ಟಿದ ದಿನವೇ ಕಾಣುತ್ತದೆ.

ಆರು ಮೊಟ್ಟೆ ಕಾವಿಗೆ ಇಟ್ಟರು, ಐದು ಮರಿಯಾದವು. ಮರುದಿನ ಟಾರ್ಚ್ ಹಿಡಿದು ಕೊಕ್ಕಿನ ಮೇಲೆ ನೋಡಿದ್ದಾರೆ. ಎರಡರಲ್ಲಿ ಒಂದೇ ಗೆರೆ, ಮೂರರಲ್ಲಿ ಮೂರು ಸಾಲು. ಆ ಮೂರರಲ್ಲಿ ಎಷ್ಟು ಹೆಣ್ಣು ಅಂತ ಇನ್ನೂ ಹೇಳಲಾಗುವುದಿಲ್ಲ. ಒಂದಂತೂ ಈಗಲೇ ಎದೆ ಉಬ್ಬಿಸಿ ನಿಲ್ಲುತ್ತದಂತೆ, ಅದು ಹುಂಜ ಅಂತ ಮಕ್ಕಳು ತೀರ್ಮಾನಿಸಿಯಾಗಿದೆ.